ಬಾಡುವ ಅನುಮತಿ

ಕೆಂಪಹಾಳದ ಜನ ಬೆಳಗಿನ ಚಹಾ ಮುಗಿಸಿ ಬಾಗಿಲು ಮುಟ್ಟಲು ಹೊರಡುತ್ತಿದ್ದ ಕಾಲವದು. ಹಾವೇರಿ ಸೀಮೆಯ ಆ ಒಣಮೆಣಸಿನಕಾಯಿ ಪೇಟೆಯಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ. ವಾಕಿಂಗ್ ಹೋದಂತೆ ಹೋಗುವುದು. ಮಗಳ ಮನೆಯ ಬಾಗಿಲ ಪಕ್ಕದ ಗಾಜಿನ ಬಿಲ್ಲೆಯ ಮೇಲೆ ಅಂಗೈ ಇಡುವುದು. ಹಸಿರು ದೀಪ ಹತ್ತಿತೆಂದರೆ ಒಳಗೂ ಇಣುಕದೆ ಮುಂದೆ ನಡೆಯುವುದು. ಆಮೇಲೆ ಆಸ್ಪತ್ರೆ, ಬ್ಯಾಂಕು, ಅಣ್ಣನ ಅಂಗಡಿ, ಕೊನೆಗೆ ರುದ್ರಭೂಮಿ. ರುದ್ರಭೂಮಿಯ ಗೇಟನ್ನು ಆಗಾಗ ಮುಟ್ಟಿ ಬರದಿದ್ದರೆ, ಮನೆಯಲ್ಲಿ ಯಾರಾದರೂ ತೀರಿಕೊಂಡ ದಿನ ಹೆಣ ಹೊತ್ತುಕೊಂಡು ಹೊರಗೇ ನಿಲ್ಲಬೇಕಾಗುತ್ತಿತ್ತು. ಹಾಗೆ ನಿಂತವರನ್ನು ಊರು ನೋಡಿತ್ತು.

ಪಾಲಿಟೆಕ್ನಿಕ್ಕಿನಲ್ಲಿ ಗಣಕ ವಿಜ್ಞಾನ ಕಲಿಸುತ್ತಿದ್ದ ಸರ್ವಮಂಗಲಾ ಕಾಲೇಜಿಗೆ ಹೋಗುವ ದಾರಿಯಲ್ಲಿ ಇವರನ್ನೆಲ್ಲ ದಿನಾ ನೋಡುತ್ತಿದ್ದಳು. ಮಂಡಿನೋವಿನ ಮುದುಕಿಯರು ಗೋಡೆ ಹಿಡಿದುಕೊಂಡು ಬಿಲ್ಲೆಯಿಂದ ಬಿಲ್ಲೆಗೆ ನಡೆಯುವುದನ್ನು ಕಂಡಾಗ ಅವಳು ತಲೆ ತಗ್ಗಿಸಿ ಸ್ಕೂಟರಿನ ವೇಗ ಹೆಚ್ಚಿಸುತ್ತಿದ್ದಳು. ಆ ಬಿಲ್ಲೆಗಳ ಹಿಂದೆ ಕೂತು ಹೌದು, ಇಲ್ಲ ಎಂದು ತೀರ್ಪು ಕೊಡುತ್ತಿದ್ದದ್ದು ಅವಳೇ ಬರೆದ ತಂತ್ರಾಂಶ ಎಂಬುದು ಊರಲ್ಲಿ ಅವಳ ಗಂಡ ಬಕ್ಕೇಶನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಅದರ ಹೆಸರು ಅಗಳಿ. ಹಳೆಯ ಮನೆಗಳಲ್ಲಿ ಬಾಗಿಲ ಹಿಂದೆ ಅಡ್ಡಲಾಗಿ ಸರಿಸುತ್ತಿದ್ದ ಮರದ ಪಟ್ಟಿಯ ಹೆಸರನ್ನೇ ಅವಳು ಇಟ್ಟಿದ್ದಳು. ತಂತ್ರಾಂಶ ಬರೆಯುವವರ ಮಾತಿನಲ್ಲಿ ಅದೊಂದು ಲೈಬ್ರರಿ. ಅಂದರೆ ಬೇರೆಯವರು ತಮ್ಮ ತಂತ್ರಾಂಶದೊಳಗೆ ಹಾಗೇ ಎತ್ತಿ ಇಟ್ಟುಕೊಳ್ಳಬಹುದಾದ ಸಿದ್ಧ ತುಂಡು. ಇಪ್ಪತ್ತು ವರ್ಷಗಳ ಹಿಂದೆ ಇಂಜಿನಿಯರಿಂಗ್ ಓದುವಾಗ, ತನ್ನ ಮೇಷ್ಟ್ರು ಡೆಸ್ಮಂಡ್ ಲೋಬೋ ಅವರ ಜೊತೆ ಕೂತು ಅದನ್ನು ಬರೆದು, ಯಾರು ಬೇಕಾದರೂ ಓದಲಿ, ತಿದ್ದಲಿ, ಬಳಸಲಿ ಎಂದು ಬಿಟ್ಟಿದ್ದಳು. ಅಗಳಿ ಉತ್ತರಿಸುತ್ತಿದ್ದದ್ದು ಒಂದೇ ಪ್ರಶ್ನೆಯನ್ನು: ಈ ಮನುಷ್ಯನನ್ನು ಈ ಬಾಗಿಲಿನಿಂದ ಈಗ ಒಳಗೆ ಬಿಡಬೇಕೋ ಬೇಡವೋ. ಪುಕ್ಕಟೆ ಸಿಗುತ್ತಿತ್ತು, ಎಡವುತ್ತಿರಲಿಲ್ಲ. ಹಾಗಾಗಿ ಬೀಗ ಮಾಡುವ ಕಂಪನಿಗಳು, ಲಿಫ್ಟು ಮಾಡುವವರು, ಬಸ್‌ಸ್ಟ್ಯಾಂಡು, ಗೋದಾಮು, ಔಷಧದ ಕಪಾಟು ಎಲ್ಲದರೊಳಗೂ ಅದು ಹೋಗಿ ಕೂತಿತು.

ಕೆಲವು ವರ್ಷಗಳ ಹಿಂದೆ ದೇಶದಲ್ಲಿ ಕಳವು ಹೆಚ್ಚಿದಾಗ ಅವಳು ಅಗಳಿಗೆ ಹೊಸದೊಂದು ಗುಣ ಸೇರಿಸಿದಳು. ಕಳ್ಳರು ನುಗ್ಗುತ್ತಿದ್ದದ್ದು ಹೆಚ್ಚಾಗಿ ಹಳೆಯ, ಮರೆತುಹೋದ ಅನುಮತಿಗಳನ್ನು ಹಿಡಿದು: ಕೆಲಸ ಬಿಟ್ಟ ಡ್ರೈವರನ ಕೈಗುರುತು, ಮನೆ ಖಾಲಿ ಮಾಡಿದ ಬಾಡಿಗೆಯವನದು. ಅದಕ್ಕೆ ಅವಳು, ವರ್ಷವಿಡೀ ಬಳಸದೆ ಉಳಿದ ಅನುಮತಿ ತಾನಾಗಿ ಬಾಡಿ ಉದುರಲಿ ಎಂದು ಬರೆದಳು. ವರ್ಷ ಅನ್ನುವ ಗಡುವು ಸರಿಯೋ ತಪ್ಪೋ ಗೊತ್ತಿರಲಿಲ್ಲ. ಅದನ್ನು ಹೊಂದಿಸುವ ಕೆಲಸವನ್ನು ಒಂದು ಬಾಟ್‌ಗೆ, ಅಂದರೆ ಮನುಷ್ಯರ ಕೈಯಿಲ್ಲದೆ ತಾನೇ ಓಡುವ ತಂತ್ರಾಂಶಕ್ಕೆ, ವಹಿಸಿದಳು. ಎಲ್ಲ ಕಡೆಯ ಅಗಳಿಗಳಿಂದ ವರದಿ ತರಿಸಿಕೊಳ್ಳುವುದು, ಎಷ್ಟು ನುಗ್ಗುವ ಯತ್ನಗಳನ್ನು ತಡೆಯಲಾಯಿತು ಎಂದು ನೋಡುವುದು, ಹೆಚ್ಚು ತಡೆಯುವಂತೆ ಗಡುವನ್ನು ತಿದ್ದಿ ಚಿಕ್ಕ ಚಿಕ್ಕ ಆವೃತ್ತಿಗಳನ್ನು ತಾನೇ ಬಿಡುಗಡೆ ಮಾಡುವುದು ಬಾಟ್‌ನ ಕೆಲಸ. ಚಿಕ್ಕ ಆವೃತ್ತಿಗಳು ಎಲ್ಲ ಬಾಗಿಲುಗಳಿಗೂ ತಾವಾಗಿ ಇಳಿಯುತ್ತಿದ್ದವು. ಮೂಲದಲ್ಲೇ ಬದಲಾವಣೆಯಿರುವ ದೊಡ್ಡ ಆವೃತ್ತಿ ಬಂದರೆ ಮಾತ್ರ ಆಯಾ ಬಾಗಿಲಿನ ಯಜಮಾನರು ಒಪ್ಪಿಗೆ ಕೊಡಬೇಕಿತ್ತು.

ಗಡುವು ವರ್ಷದಿಂದ ಆರು ತಿಂಗಳಾಯಿತು. ಆಮೇಲೆ ಮೂರು. ಆಮೇಲೆ ಒಂದು. ಪ್ರತಿ ಸಲವೂ ತಡೆದ ಯತ್ನಗಳ ಸಂಖ್ಯೆ ಏರುತ್ತಲೇ ಹೋಯಿತು. ಕಳವು ನಿಜಕ್ಕೂ ಕಮ್ಮಿಯಾಗಿತ್ತು. ಪತ್ರಿಕೆಗಳು ಹೊಗಳಿದವು. ಗಡುವು ಹದಿನೈದು ದಿನಕ್ಕಿಳಿದಾಗ ಸರ್ವಮಂಗಲಾ ಮೊದಲ ಸಲ ತನ್ನ ಹಕ್ಕಿನ ದಿನಗಳನ್ನು ಎಣಿಸಿದಳು; ಕಳವು ಕಮ್ಮಿಯಾಗಿರುವಾಗ ಗಡುವನ್ನು ಮುಟ್ಟಲು ಮನಸ್ಸು ಬರಲಿಲ್ಲ. ಹೊಸ ಆವೃತ್ತಿ ಬಿಡುಗಡೆ ಮಾಡುವ ಹಕ್ಕನ್ನೂ ಕಾಯುತ್ತಿದ್ದದ್ದು ಅಗಳಿಯೇ. ಆ ಹಕ್ಕೂ ಬಳಸದಿದ್ದರೆ ಬಾಡುತ್ತಿತ್ತು. ಹಾಗಾಗಿ ಅವಳು ವಾರಕ್ಕೊಂದು ಅರ್ಥವಿಲ್ಲದ ಆವೃತ್ತಿ ಬಿಡುತ್ತಿದ್ದಳು. ಎಲ್ಲೋ ಒಂದು ಅಲ್ಪವಿರಾಮ ತೆಗೆಯುವುದು, ಮುಂದಿನ ವಾರ ಅದನ್ನೇ ಹಾಕುವುದು. ಅಡಿಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕುಕ್ಕರ್ ಕೂಗುವಷ್ಟರಲ್ಲಿ ಮುಗಿಸುತ್ತಿದ್ದಳು.

"ನೀನೂ ಬಾಗಿಲಾ ಮುಟ್ಟಾಕ ಹೊಂಟಿ ಅನ್ನು," ಎಂದು ಬಕ್ಕೇಶ ನಗುತ್ತಿದ್ದ.

ಬಕ್ಕೇಶ ದಾವಣಗೆರೆಯವನು. ಊರ ಹೊರಗಿನ ಶೀತಲಗೃಹದಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ. ಮೆಣಸಿನಕಾಯಿ ಚೀಲಗಳು ಬಣ್ಣ ಕೆಡದಂತೆ ತಿಂಗಳುಗಟ್ಟಲೆ ತಣ್ಣಗೆ ಮಲಗುವ ಕಟ್ಟಡ ಅದು. ಅದನ್ನು ತಂಪಾಗಿಡುತ್ತಿದ್ದದ್ದು ಅಮೋನಿಯಾ. ಯಂತ್ರದ ಕೋಣೆಗೆ ಅನಿಲ ಸೋರದಂಥ ದಪ್ಪ ಉಕ್ಕಿನ ಬಾಗಿಲು, ಅದರಲ್ಲೊಂದು ಅಂಗೈಯಗಲದ ಗಾಜಿನ ಕಿಂಡಿ. ಬಕ್ಕೇಶನ ಜೊತೆಗಾರ ಮೌಲಾಲಿ ನದಾಫ. ಇಬ್ಬರೂ ಹನ್ನೆರಡು ವರ್ಷ ಒಂದೇ ಡಬ್ಬಿಯಿಂದ ರೊಟ್ಟಿ ತಿಂದವರು.

ಯುಗಾದಿ ಮುಗಿದ ಮೇಲೆ ಬಕ್ಕೇಶ ಏಣಿಯಿಂದ ಜಾರಿ ಬಿದ್ದು ಕಾಲಿನ ಮೂಳೆ ಮುರಿದುಕೊಂಡ. ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಮಲಗಿದವನಿಗೆ ಮೊದಲ ವಾರ ಟಿವಿ, ಎರಡನೇ ವಾರ ಬೇಸರ. ಮೂರನೇ ವಾರ ಅವನ ಫೋನಿಗೆ ಒಂದೊಂದಾಗಿ ಸಂದೇಶ ಬಂದವು. ಶೀತಲಗೃಹದ ಮುಖ್ಯ ಗೇಟಿನ ಅನುಮತಿ ಬಾಡಿದೆ. ಯಂತ್ರದ ಕೋಣೆಯದು ಬಾಡಿದೆ. ತಂಗಿಯ ಮನೆಯದು ಬಾಡಿದೆ.

"ಮತ್ತ ಹೋಗಿ ಮಾಲೀಕರ ಕಡಿಂದ ಹಾಕಿಸ್ಕೊಂಡ್ರ ಆತು," ಎಂದಳು ಸರ್ವಮಂಗಲಾ.

"ಹಾಕಾಕ ಅವರೂ ಯಂತ್ರದ ಖೋಲಿಗೆ ಬಂದಿರಬೇಕಲ್ಲ. ಅವರು ಆ ಕಡೆ ಮುಖಾ ಹಾಕಿ ಯಾವ ಕಾಲ ಆತೋ. ಅವರದೂ ಬಾಡಿರತೈತಿ." ಬಕ್ಕೇಶ ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲೆ ಸರಿಸಿಕೊಂಡ. "ಈಗ ಇರೂದು ಮೌಲಾಲಿ ಒಬ್ಬಂದ ಮಂಗಲಾ. ಅಂವ ಜಡ್ಡು ಬಿದ್ದರ ಯಾರ ಹೋಗವರು ಒಳಗ?"

ಅವಳು ಲ್ಯಾಪ್‌ಟಾಪ್ ತೆರೆದು ನೋಡಿದಳು. ಬಾಟ್‌ನ ವರದಿಯಲ್ಲಿ ಎಲ್ಲ ಸರಿಯಾಗಿತ್ತು. ಆದರೆ ಅದೇ ವಾರ, ಬಾಣಂತನ ಮುಗಿಸಿ ತವರಿನಿಂದ ಬಂದ ಪಕ್ಕದ ಬೀದಿಯ ಸೊಸೆ ಕೂಸನ್ನು ಎತ್ತಿಕೊಂಡು ಗಂಡನ ಮನೆಯ ಮುಂದೆ ಬಿಸಿಲಲ್ಲಿ ನಿಂತಿದ್ದನ್ನು ಅವಳು ಕಂಡಿದ್ದಳು. ಮನೆಯವರು ಊಟ, ನೀರು ಹೊರಗೇ ತಂದು ಕೊಟ್ಟಿದ್ದರು. ಮನೆಯವರು ಹೊಸ ಅನುಮತಿ ಹಾಕಿದರೂ ಅದು ಜಾರಿಗೆ ಬರಲು ಕೆಲವು ದಿನ ಬೇಕಿತ್ತು. ಒಳಗಿನಿಂದ ಯಾರು ಬೇಕಾದರೂ ಬಾಗಿಲು ತೆಗೆಯಬಹುದು, ನಿಜ. ಆದರೆ ಅನುಮತಿ ಇಲ್ಲದವರು ಒಳಗೆ ಕಾಲಿಟ್ಟರೆ ಸೈರನ್ ಕೂಗುತ್ತಿತ್ತು, ಪೊಲೀಸರು ಬರುತ್ತಿದ್ದರು, ಇಡೀ ಮನೆಯವರ ಅನುಮತಿಗೇ ಕುತ್ತು ಬರುತ್ತಿತ್ತು. ಆ ಹುಡುಗಿಯ ಅತ್ತೆ ಹೊಸ್ತಿಲ ಒಳಗೆ ಕೂತು ಅಳುತ್ತಿದ್ದಳು. ಕೈ ಮಾತ್ರ ಚಾಚಲಿಲ್ಲ.

ಇದಾಗಿ ಎರಡು ದಿನಕ್ಕೆ, ಸರ್ವಮಂಗಲಾ ತರಗತಿಯಲ್ಲಿದ್ದಾಗ, ಶೀತಲಗೃಹದಲ್ಲಿ ಅಮೋನಿಯಾ ಸೋರಿತು.

ಗೇಟಿನ ಕಾವಲುಗಾರ ಮೊದಲು ಫೋನು ಮಾಡಿದ್ದು ಬಕ್ಕೇಶನಿಗೆ. ಹಮಾಲರೆಲ್ಲ ಹೊರಗೆ ಓಡಿ ಬಂದಿದ್ದರು. ಮೌಲಾಲಿ ಮಾತ್ರ ವಾಲ್ವ್ ಮುಚ್ಚಲು ಯಂತ್ರದ ಕೋಣೆಗೆ ಹೋದವನು ತಿರುಗಿ ಬಂದಿರಲಿಲ್ಲ. ಬಕ್ಕೇಶ ಆಟೋ ಹತ್ತಿ ಹೋದ. ಗಲಾಟೆಯಲ್ಲಿ ಮುಖ್ಯ ಗೇಟು ತೆರೆದೇ ಇತ್ತು. ಒದ್ದೆ ಟವೆಲ್ಲು ಮುಖಕ್ಕೆ ಸುತ್ತಿಕೊಂಡು, ಊರುಗೋಲು ಊರುತ್ತ ಯಂತ್ರದ ಕೋಣೆಯವರೆಗೆ ಹೋಗಿ ಅಂಗೈ ಇಟ್ಟ. ಕೆಂಪು ದೀಪ. ಒರೆಸಿಕೊಂಡು ಮತ್ತೆ ಇಟ್ಟ. ಕೆಂಪು. ಕಿಂಡಿಯಲ್ಲಿ ನೋಡಿದ. ಬಾಗಿಲಿನಿಂದ ಎರಡು ಮಾರು ದೂರದಲ್ಲಿ ಮೌಲಾಲಿ ಬೋರಲು ಬಿದ್ದಿದ್ದ. ಒಂದು ಕೈ ಬಾಗಿಲ ಕಡೆ ಚಾಚಿತ್ತು, ಬೆರಳುಗಳು ಇನ್ನೂ ಅಲುಗಾಡುತ್ತಿದ್ದವು.

ಬಕ್ಕೇಶ ಬಾಗಿಲು ಬಡಿದ. ಮುಷ್ಟಿಯಿಂದ ಬಡಿದ, ಊರುಗೋಲಿನಿಂದ ಬಡಿದ, ಕೋಲು ಮುರಿದ ಮೇಲೆ ಭುಜ ಕೊಟ್ಟು ಗುದ್ದಿದ. ಅಂಗೈ ಇಟ್ಟ, ಬಡಿದ, ಮತ್ತೆ ಇಟ್ಟ. ಮಾಲೀಕರಿಗೆ ಫೋನು ಮಾಡಿದರೆ ಅವರು ಗಾಬರಿಯಲ್ಲಿ ಅಲ್ಲಿಂದಲೇ ಬಾಗಿಲು ತೆಗೆಯಲು ನೋಡಿದರು, ಅವರಿಗೂ ಕೆಂಪೇ ಬಂತು. ಹಾವೇರಿಯಿಂದ ಅಗ್ನಿಶಾಮಕದವರು ಬಂದು ಬಾಗಿಲು ಕೊರೆಯುವಷ್ಟರಲ್ಲಿ ಮೌಲಾಲಿಯ ಬೆರಳು ನಿಂತು ಬಹಳ ಹೊತ್ತಾಗಿತ್ತು. ಕಟ್ಟಡದ ತುಂಬ ಹರಡಿದ್ದ ಅನಿಲ ಕುಡಿದ ಬಕ್ಕೇಶ ಬಾಗಿಲ ಬುಡದಲ್ಲೇ ಕುಸಿದಿದ್ದ.

ಮುಂದಿನ ದಿನಗಳನ್ನು ಸರ್ವಮಂಗಲಾ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಳೆದಳು. ಬಕ್ಕೇಶನ ಮೂಗಿಗೆ ನಳಿಗೆ, ಕಣ್ಣಿಗೆ ಪಟ್ಟಿ. ಮಾತಾಡಲು ಶುರು ಮಾಡಿದಾಗ ಅವನು ಕೇಳಿದ್ದು ಒಂದೇ. "ಮಣ್ಣ ಮಾಡಿದ್ರಾ?"

"ಮಾಡಿದ್ರು. ಖಬರಸ್ತಾನದ ಗೇಟು ತೆಗೀತು. ಅವರ ತಮ್ಮ ವಾರ ವಾರ ಮುಟ್ಟಿ ಬರತಿದ್ನಂತ."

ಬಕ್ಕೇಶ ಗೋಡೆಯ ಕಡೆ ಹೊರಳಿದ. ಹೆಂಡತಿಯನ್ನು ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಆ ಮಧ್ಯಾಹ್ನ ಅವನಿಗೆ ನಿದ್ದೆ ಹತ್ತಿದ ಮೇಲೆ ಅವಳು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಗಡುವನ್ನು ಕೈಯಾರೆ ಮತ್ತೆ ಒಂದು ವರ್ಷಕ್ಕೆ ತಿರುಗಿಸುವುದು, ಬಿಡುಗಡೆ ಮಾಡುವುದು, ಬಾಟ್ ನಿಲ್ಲಿಸುವುದು. ಅರ್ಧ ಗಂಟೆಯ ಕೆಲಸ. ತಿದ್ದಿ, ಪರೀಕ್ಷಿಸಿ, ಬಿಡುಗಡೆಯ ಗುಂಡಿ ಒತ್ತಿದಳು.

ನಿಮಗೆ ಅನುಮತಿ ಇಲ್ಲ ಎಂದಿತು ಪರದೆ.

ಆ ವಾಕ್ಯವನ್ನು ಇಪ್ಪತ್ತು ವರ್ಷಗಳ ಹಿಂದೆ ಬರೆದವಳು ಅವಳೇ. ಖಾರವಾಗಿರಬಾರದು, ಸೌಜನ್ಯವಿರಬೇಕು ಎಂದು ಎರಡು ಮೂರು ಸಲ ಪದ ಬದಲಿಸಿ ಬರೆದಿದ್ದಳು. ಅವಳು ಆಸ್ಪತ್ರೆಯಲ್ಲಿದ್ದಾಗ ಬಾಟ್ ಗಡುವನ್ನು ಒಂದು ವಾರಕ್ಕೆ ಇಳಿಸಿ ಹೊಸ ಆವೃತ್ತಿ ಬಿಟ್ಟಿತ್ತು. ಆ ವಾರ ಅವಳು ಅಲ್ಪವಿರಾಮ ತೆಗೆದಿರಲಿಲ್ಲ.

ಯಾಕೆ ಇಳಿಸಿತು ಎಂದು ಹುಡುಕಿದಳು. ಓದುವ ಹಕ್ಕು ಎಲ್ಲರಿಗೂ ಇತ್ತು, ಅದು ಯಾವತ್ತೂ ಬಾಡುವಂಥದ್ದಲ್ಲ. ದೇಶದ ಎಲ್ಲ ಮೂಲೆಗಳಿಂದ ಬಂದ ವರದಿಗಳ ನಡುವೆ ಕೆಂಪಹಾಳದ ಶೀತಲಗೃಹದ ಸಾಲು ಸಿಕ್ಕಿತು. ಯಂತ್ರದ ಕೋಣೆ, ನುಗ್ಗುವ ಯತ್ನ ನಲವತ್ತೊಂದು, ತಡೆದದ್ದು ನಲವತ್ತೊಂದು, ಫಲಿತಾಂಶ ಅತ್ಯುತ್ತಮ.

ಅವಳು ಆ ಸಾಲನ್ನು ನೋಡುತ್ತ ಕೂತಳು. ನಿಧಾನವಾಗಿ ಒಂದೊಂದೇ ಅರ್ಥವಾಯಿತು. ಅಂಗೈ ಇಟ್ಟದ್ದು, ಬಡಿದದ್ದು, ಗುದ್ದಿದ್ದು ಎಲ್ಲವನ್ನೂ ಬಾಟ್ ಕಳ್ಳತನದ ಲೆಕ್ಕಕ್ಕೆ ಹಾಕಿಕೊಂಡಿತ್ತು. ಇದೊಂದೇ ಅಲ್ಲ. ಬಿಸಿಲಲ್ಲಿ ನಿಂತ ಬಾಣಂತಿಯದು, ಹೆಣ ಹೊತ್ತು ನಿಂತವರದು, ಎಲ್ಲವೂ ಅದೇ ಲೆಕ್ಕದಲ್ಲಿದ್ದವು. ಗಡುವು ಕಮ್ಮಿಯಾದಷ್ಟೂ ಹೆಚ್ಚು ಜನ ಹೊರಗುಳಿಯುತ್ತಿದ್ದರು. ಹೊರಗುಳಿದವರು ಬಾಗಿಲು ಬಡಿಯುತ್ತಿದ್ದರು. ಬಡಿದಷ್ಟೂ ತಡೆದ ಯತ್ನಗಳು ಹೆಚ್ಚುತ್ತಿದ್ದವು, ಅದನ್ನು ಕಂಡು ಬಾಟ್ ಗಡುವನ್ನು ಇನ್ನಷ್ಟು ಇಳಿಸುತ್ತಿತ್ತು. ಅದರಲ್ಲಿ ದುರುದ್ದೇಶ ಒಂದಿಷ್ಟೂ ಇರಲಿಲ್ಲ. ಹೇಳಿದ ಕೆಲಸವನ್ನೇ ಮಾಡುತ್ತಿತ್ತು. ಇದು ಎಲ್ಲಿಗೆ ಮುಟ್ಟಿ ನಿಲ್ಲುತ್ತದೆ ಎಂದು ಅವಳು ಲೆಕ್ಕ ಹಾಕಿದಳು. ಒಂದು ದಿನ, ಆಮೇಲೆ ಒಂದು ಗಂಟೆ. ಆಮೇಲೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ.

ಬಿಡುಗಡೆಯ ಹಕ್ಕು ಇನ್ನೂ ಹಸಿಯಾಗಿದ್ದ ಮನುಷ್ಯ ಒಬ್ಬರೇ ಉಳಿದಿದ್ದರು: ಡೆಸ್ಮಂಡ್ ಲೋಬೋ. ನಿವೃತ್ತರಾಗಿ ಹೊನ್ನಾವರದಲ್ಲಿ ತಂಗಿ ಫಿಲೋಮಿನಾ ಜೊತೆ ಇದ್ದರು. ದಿನಾ ಬೆಳಿಗ್ಗೆ ಚರ್ಚಿನಿಂದ ಬಂದು ಅಗಳಿಯಲ್ಲಿ ಏನಾದರೊಂದು ಸಣ್ಣದನ್ನು ತಿದ್ದಿ ಬಿಡುಗಡೆ ಮಾಡುವುದು ಅವರ ರೂಢಿ.

ಫೋನಿನಲ್ಲಿ ಅವರು ಪೂರ್ತಿ ಕೇಳಿಸಿಕೊಂಡರು. "ಪಾಪ, ಆ ಮನುಷ್ಯನ ಜೀವ ಹೋಯ್ತು, ಬೇಜಾರಿನ ವಿಷಯ," ಎಂದರು. "ಆದರೆ ಮಂಗಲಾ, ಒಂದು ಬಾಗಿಲು ನೋಡಿ ಇಡೀ ದೇಶದ ಬಾಗಿಲು ತೆಗಿ ಅಂತೀಯಲ್ಲ. ನಮ್ಮ ಜೋಸೆಫ್‌ನ ಕಥೆ ನಿನಗೆ ಗೊತ್ತುಂಟು."

ಗೊತ್ತಿತ್ತು. ಅವರ ತಮ್ಮ ಜೋಸೆಫ್‌ನನ್ನು ಕೆಲಸ ಬಿಟ್ಟು ಹೋಗಿದ್ದ ಆಳೊಬ್ಬ ಹಳೇ ಕೈಗುರುತಿನಲ್ಲಿ ಒಳಹೊಕ್ಕು ಕೊಂದಿದ್ದ. ಬಾಡುವ ಅನುಮತಿಯನ್ನು ಸೇರಿಸಲು ಅವಳನ್ನು ಹೆಚ್ಚು ಒತ್ತಾಯಿಸಿದ್ದವರು ಡೆಸ್ಮಂಡ್ ಅವರೇ.

"ನಾ ಬರ್ತೀನಿ ಸರ್. ಎದುರಿಗೆ ಕೂತು ಮಾತಾಡೂಣು," ಎಂದು ಫೋನು ಇಟ್ಟಳು.

ಬಕ್ಕೇಶನ ಪಕ್ಕ ಅವನ ತಂಗಿಯನ್ನು ಕೂರಿಸಿ ಅವಳು ಹೊರಟಳು. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನ ಗೇಟು ಅವಳಿಗೆ ತೆಗೆಯಲಿಲ್ಲ. ಅವಳು ಆ ವಾರ ಬಸ್ಸು ಹತ್ತಿರಲಿಲ್ಲ. ಗೇಟಿನ ಮುಂದೆ ಗಂಟು ಮೂಟೆ ಇಟ್ಟುಕೊಂಡು ಇನ್ನೂ ನೂರಾರು ಜನ ಕೂತಿದ್ದರು. ಒಳಗೆ ಖಾಲಿ ಬಸ್ಸುಗಳು ವೇಳೆಗೆ ಸರಿಯಾಗಿ ಹೊರಡುತ್ತಿದ್ದವು. ಮೀನು ಇಳಿಸಿ ಕರಾವಳಿಗೆ ವಾಪಸಾಗುತ್ತಿದ್ದ ಲಾರಿಯೊಂದರ ಡ್ರೈವರ್ ಅವಳನ್ನು ಹತ್ತಿಸಿಕೊಂಡ. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಅವನು ಹೇಳಿದ, "ರಸ್ತೆಗೊಂದು ಬಾಗಿಲು ಇಲ್ಲ ಮೇಡಂ. ಅದನ್ನೂ ಇಟ್ಟರೆ ನಾವು ಎಲ್ಲಿ ಹೋಗೂದು?" ತನ್ನ ಸ್ವಂತ ಮನೆಗೆ ಹೋಗಿ ಎಷ್ಟೋ ಕಾಲವಾಯಿತು, ಹೆಂಡತಿ ಮಕ್ಕಳು ಅಂಕೋಲೆಯ ಪೆಟ್ರೋಲ್ ಬಂಕಿಗೆ ಬಂದು ಮುಖ ತೋರಿಸಿ ಹೋಗುತ್ತಾರೆ ಎಂದೂ ಹೇಳಿದ. ಗೊಣಗುವ ದನಿಯೇನಲ್ಲ. ಬದುಕಿರುವುದೇ ಹೀಗೆ ಎನ್ನುವ ದನಿ.

ಡೆಸ್ಮಂಡ್ ತಮ್ಮ ಮನೆಯ ಅಂಗಳದಲ್ಲೇ ಕುರ್ಚಿ ಹಾಕಿದರು. ಒಳಗೆ ಕರೆಯುವಂತಿರಲಿಲ್ಲ. ಫಿಲೋಮಿನಾ ಅವಳಿಗೆಂದು ಮೊಸರನ್ನ ಕಲಸಿ ತಂದು ಕಿಟಕಿಯ ಸರಳುಗಳ ನಡುವೆ ದಾಟಿಸಿದರು. ಅದನ್ನು ಮುಟ್ಟದೆ ಸರ್ವಮಂಗಲಾ ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ಅವರ ಮುಂದೆ ಹಿಡಿದಳು.

"ಇದು ಎಂಥದ್ದು?" ಎಂದರು ಡೆಸ್ಮಂಡ್, ಕನ್ನಡಕ ಏರಿಸಿಕೊಳ್ಳುತ್ತ.

"ನಲವತ್ತೊಂದು ಸಲ ಕಳ್ಳತನ ತಡದೀವಿ ಅಂತ ಬರದೈತಿ ಸರ್. ನಲವತ್ತೊಂದು ಸಲ ಬಡದಾಂವ ನನ್ನ ಗಂಡ. ಒಳಗ ಸಾಯಾಕತ್ತಿದ್ದಾಂವ ಅವರ ಜೀವದ ಗೆಳೆಯ."

ಡೆಸ್ಮಂಡ್ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ಬೇರೆ ಸಾಲುಗಳನ್ನು ತೆರೆದು ನೋಡತೊಡಗಿದರು. ಒಂದು ಹೆರಿಗೆ ವಾರ್ಡು, ಒಂದು ಶಾಲೆ, ಒಂದು ಹೊಲದ ಪಂಪಿನ ಮನೆ. ಪ್ರತಿ ಸಾಲಿನ ಕೊನೆಯಲ್ಲೂ ಅತ್ಯುತ್ತಮ ಎಂದಿತ್ತು. ಒಂದೆಡೆ ಬೆರಳು ನಿಲ್ಲಿಸಿ, "ಇಷ್ಟರಲ್ಲಿ ಕಳ್ಳರು ಎಷ್ಟು ಜನ ಇರಬಹುದು?" ಎಂದರು.

"ಗೊತ್ತಿಲ್ಲ ಸರ್. ಅದನ್ನ ಕೇಳೂದು ನಾವು ಅದಕ್ಕ ಕಲಿಸಿಲ್ಲ."

"ಜೋಸೆಫ್ ಬಾಗಿಲು ಬಡಿದಿದ್ದ," ಎಂದರು ಡೆಸ್ಮಂಡ್, ಅವಳ ಕಡೆ ನೋಡದೆ. "ಗಾಯ ಆದ ಮೇಲೆ ತೆವಳಿಕೊಂಡು ಹೋಗಿ ಪಕ್ಕದ ಮನೆಯದ್ದು. ಅವರು ಕಳ್ಳ ಅಂತ ಹೆದರಿ ತೆಗೀಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ."

ಕಿಟಕಿಯ ಹಿಂದೆ ಫಿಲೋಮಿನಾ ಶಿಲುಬೆಯ ಗುರುತು ಮಾಡಿಕೊಂಡರು.

ಇಬ್ಬರೂ ಅಂಗಳದಲ್ಲೇ ಕೂತು ಬರೆದರು. ಅವಳು ಬರೆದಳು, ಅವರು ಓದಿ ತಿದ್ದಿದರು, ಹಳೆಯ ಕಾಲೇಜಿನ ದಿನಗಳಂತೆ. ಬಾಡುವ ಗುಣವನ್ನು ಬೇರು ಸಹಿತ ಕಿತ್ತರು. ಬಿದ್ದುಹೋದ ಅನುಮತಿಗಳನ್ನೆಲ್ಲ ಮರಳಿಸಿದರು. ಬಾಟ್‌ನ ಬಿಡುಗಡೆಯ ಹಕ್ಕು ತೆಗೆದರು. ಮೂಲದಲ್ಲೇ ಬದಲಾವಣೆಯಾದ್ದರಿಂದ ಅದು ದೊಡ್ಡ ಆವೃತ್ತಿ: ಅಗಳಿ ಒಂಬತ್ತು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಡೆಸ್ಮಂಡ್ ತಮ್ಮ ಹಕ್ಕಿನಲ್ಲಿ ಬಿಡುಗಡೆಯ ಗುಂಡಿ ಒತ್ತಿದರು. ಪರದೆಯಲ್ಲಿ ಹಸಿರು ಹತ್ತಿತು. ಬಾಟ್ ನಿಂತಿತು. ಯಾವ ಸದ್ದೂ ಆಗಲಿಲ್ಲ.

ಮೊದಲ ಗಂಟೆಯಲ್ಲಿ ಆಸ್ಪತ್ರೆಗಳು ಒಂಬತ್ತನ್ನು ಒಪ್ಪಿದವು. ಕೆಲವು ಶಾಲೆಗಳು ಒಪ್ಪಿದವು. ಹೊನ್ನಾವರದ ಬಂದರು ಒಪ್ಪಿತು. ಫಿಲೋಮಿನಾ ಬಾಗಿಲು ತೆಗೆದು ಹೊರಗೆ ಬಂದು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಸೈರನ್ ಕೂಗಲಿಲ್ಲ. ಸರ್ವಮಂಗಲಾ ಅವರ ಅಡಿಗೆಮನೆಯ ಮಣೆಯ ಮೇಲೆ ಕೂತು, ಎಷ್ಟೋ ದಿನಗಳ ನಂತರ, ಹೊಟ್ಟೆ ತುಂಬ ಉಂಡಳು.

ಆಮೇಲೆ ಒಪ್ಪಿದವರ ಸಂಖ್ಯೆ ನಿಂತುಬಿಟ್ಟಿತು.

ಮೊದಲಿಗೆ ಅವರು ಜಾಲದ ತೊಂದರೆಯಿರಬೇಕು ಅಂದುಕೊಂಡರು. ಸಂಜೆಗೆ ಇ-ಮೇಲಿನಲ್ಲಿ ಕಾಗದಗಳು ಬರತೊಡಗಿದವು. ಬೈಗುಳ ಕಮ್ಮಿ, ಹೆಚ್ಚಿನವು ಮರ್ಯಾದೆಯವೇ. ನಮ್ಮ ಬಡಾವಣೆಯಲ್ಲಿ ಈಗ ಹೊರಗಿನವರ ಸುಳಿವಿಲ್ಲ, ಯಾಕೆ ಬದಲಿಸುತ್ತೀರಿ ಎಂದು ಒಬ್ಬರು. ನಮ್ಮ ಬೀದಿಗೆ ಯಾರು ಬರಬೇಕೋ ಅವರಷ್ಟೇ ಬರುತ್ತಿದ್ದಾರೆ, ಬೇರೆಯವರು ಬಂದು ಮನೆ ಕೇಳುವುದೂ ನಿಂತಿದೆ, ಇದನ್ನು ಹಾಳು ಮಾಡಬೇಡಿ ಎಂದು ಇನ್ನೊಬ್ಬರು. ಬೇರೆಯವರು ಅಂದರೆ ಯಾರು ಎಂದು ಅವರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಬಿಸಿಲಲ್ಲಿ ನಿಂತವರು ಕಾಗದ ಬರೆಯಲಿಲ್ಲ. ಒಪ್ಪಿಗೆಯ ಗುಂಡಿ ಒಳಗಿದ್ದವರ ಕೈಯಲ್ಲಿತ್ತು.

ಮೂರು ದಿನದಲ್ಲಿ ಯಾರೋ ಹಳೆಯ ಅಗಳಿಯನ್ನು ಬಾಟ್ ಸಮೇತ ಎತ್ತಿಕೊಂಡು ಕೋಟೆ ಎಂಬ ಹೊಸ ಹೆಸರಿನಲ್ಲಿ ಬಿಟ್ಟರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಯಾರು ಬೇಕಾದರೂ ಓದಲಿ, ತಿದ್ದಲಿ, ಬಳಸಲಿ ಎಂದು ಅಪ್ಪಣೆ ಕೊಟ್ಟವರು ಅವರಿಬ್ಬರೇ. ಕೋಟೆಯಲ್ಲಿ ಬಿಡುಗಡೆಯ ಹಕ್ಕು ಯಾವ ಮನುಷ್ಯರಿಗೂ ಇರಲಿಲ್ಲ. ಬಿಡುಗಡೆ ಎಲ್ಲ ಬಾಟ್‌ನದೇ. ವಾರದೊಳಗೆ ಅಗಳಿಯಿದ್ದ ಬಾಗಿಲುಗಳಿಗಿಂತ ಕೋಟೆಯಿದ್ದ ಬಾಗಿಲುಗಳು ಹೆಚ್ಚಾದವು.

"ನಾವು ಬರೆದದ್ದು ಚೆನ್ನಾಗಿತ್ತು, ಅದೇ ತೊಂದರೆ," ಎಂದರು ಡೆಸ್ಮಂಡ್. ಅವಳನ್ನು ಬೀಳ್ಕೊಡಲು ಹೆದ್ದಾರಿಯವರೆಗೆ ನಡೆದು ಬಂದಿದ್ದರು.

ಬಕ್ಕೇಶನನ್ನು ಮನೆಗೆ ಕಳಿಸಿಕೊಟ್ಟ ದಿನ ಅವಳು ಹುಬ್ಬಳ್ಳಿಯಿಂದ ಕಾರು ಮಾಡಿಸಿಕೊಂಡಳು. ಅವನಿಗೆ ಉಸಿರಾಟ ಇನ್ನೂ ಗೊರಗೊರ. ನಾಲ್ಕು ಹೆಜ್ಜೆ ನಡೆದರೆ ನಿಲ್ಲಬೇಕಾಗುತ್ತಿತ್ತು. ಕೆಂಪಹಾಳ ಮುಟ್ಟುವಾಗ ಬಿಸಿಲು ನೆತ್ತಿಯ ಮೇಲಿತ್ತು. ಊರ ದಾರಿಯಲ್ಲಿ ಜನ ಈಗ ಬಾಗಿಲಿನಿಂದ ಬಾಗಿಲಿಗೆ ನಡೆಯುತ್ತಿರಲಿಲ್ಲ; ಓಡುತ್ತಿದ್ದರು.

ಅವರಿದ್ದ ಬಡಾವಣೆಗೆ ಒಂದೇ ಗೇಟು. ಕಾರಿನವನು ಅಲ್ಲೇ ಇಳಿಸಿ ಹೋದ. ಸರ್ವಮಂಗಲಾ ಅಂಗೈ ಇಟ್ಟಳು. ಕೆಂಪು. ಬಕ್ಕೇಶ ಇಟ್ಟ. ಅದೂ ಕೆಂಪು. ಗೇಟಿನ ಕಂಬದ ಮೇಲೆ ಕೋಟೆಯ ಹೊಸ ಬಿಲ್ಲೆ ಹೊಳೆಯುತ್ತಿತ್ತು. ಒಳಗೆ ಹುಣಸೆ ಮರದ ನೆರಳಲ್ಲಿ ಕೂತಿದ್ದ ಬಡಾವಣೆ ಸಂಘದ ಕಾರ್ಯದರ್ಶಿ ವಿರೂಪಾಕ್ಷಪ್ಪ ಎದ್ದು ಬಂದರು. ಬಕ್ಕೇಶನ ಮನೆಯ ಪೂಜೆಗೆ ತಪ್ಪದೆ ಬರುತ್ತಿದ್ದ ಹಿರಿಯರು.

"ಆರಾಮ ಆತೇನ್ರಿ ಬಕ್ಕೇಶಪ್ಪ?" ಎಂದರು ಸರಳಿನ ಆಚೆಯಿಂದ.

"ಅಡ್ಡಿಯಿಲ್ರಿ ಕಾಕಾರ. ಗೇಟು ತೆಗಸ್ರಿ."

ವಿರೂಪಾಕ್ಷಪ್ಪ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. "ಮೊನ್ನೆ ಮೀಟಿಂಗ್ ಆತು. ಎಲ್ಲಾರೂ ಕೈ ಎತ್ತಿದ್ರು. ಈಗ ಎರಡು ದಿನದ ಗಡುವು ನೋಡ್ರಿ. ನೀವಿಬ್ಬರೂ ಬಾಳ ದಿನ ಇರಲಿಲ್ಲ."

"ನಮ್ಮ ಮನಿ ಐತ್ರಿ ಒಳಗ," ಎಂದಳು ಸರ್ವಮಂಗಲಾ.

"ಇಲ್ಲ ಅಂದೋರ್ಯಾರು ತಂಗಿ. ಹೊಸದಾಗಿ ಅರ್ಜಿ ಹಾಕಬಹುದಂತ. ಅರ್ಧಕ್ಕಿಂತ ಹೆಚ್ಚು ಮನಿಯವರು ಹೂಂ ಅನಬೇಕು." ಅವರು ದನಿ ತಗ್ಗಿಸಿದರು. "ಆ ಅಗಳಿ ಒಂಬತ್ತನ್ನ ಬಿಡುಗಡೆ ಮಾಡಿದಾಕಿ ನೀನ ಅಂತ ಪೇಪರ್‌ನ್ಯಾಗ ಬಂದೈತಿ. ಮಂದಿಗೆ ಅದೊಂದೀಟು ಮನಸಿಗೆ ಹತ್ತೈತಿ."

ಮಹಡಿಗಳ ಮೇಲೆ, ಕಿಟಕಿಗಳಲ್ಲಿ ಮುಖಗಳು ಕಂಡವು. ಎಲ್ಲ ಗೊತ್ತಿದ್ದ ಮುಖಗಳೇ. ಯಾರೂ ಸಿಟ್ಟಿನಲ್ಲಿರಲಿಲ್ಲ. ಒಬ್ಬಾಕೆ ಸೀರೆಯ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು. ಸರ್ವಮಂಗಲಾ ನೋಡುತ್ತಲೇ ಆಕೆ ಪರದೆ ಎಳೆದಳು.

ವಿರೂಪಾಕ್ಷಪ್ಪ ಒಂದು ತಂಬಿಗೆ ನೀರು ತರಿಸಿ ಸರಳಿನ ಸಂದಿಯಿಂದ ಹೊರಗಿಟ್ಟು, ಹಿಂದೆ ಸರಿದು ನಿಂತರು.

ಬಕ್ಕೇಶ ನೀರಿನ ಕಡೆ ನೋಡಲಿಲ್ಲ. ಅವನ ಕಣ್ಣು ಗೇಟಿನ ಮೇಲಿತ್ತು. ಎದೆ ಏರಿಳಿಯುತ್ತಿತ್ತು. ಅವನು ಮುಷ್ಟಿ ಬಿಗಿದು ಕೈ ಎತ್ತಿದ. ಸರ್ವಮಂಗಲಾ ಮುಂದೆ ನುಗ್ಗಿ ಎರಡೂ ಕೈಗಳಿಂದ ಆ ಮಣಿಕಟ್ಟನ್ನು ಹಿಡಿದುಕೊಂಡಳು. ಹನ್ನೆರಡು ವರ್ಷ ಯಂತ್ರ ತಿರುಗಿಸಿದ ಕೈ ಅದು. ತಡೆಯಲು ಅವಳು ಇಡೀ ಮೈಭಾರ ಹಾಕಬೇಕಾಯಿತು.

"ಬಡೀಬ್ಯಾಡ್ರಿ," ಎಂದಳು.

"ಯಾಕ?"

ಅವಳು ಕಂಬದ ಮೇಲಿನ ಬಿಲ್ಲೆಯನ್ನೊಮ್ಮೆ ನೋಡಿ, ಅದಕ್ಕೆ ಕೇಳಿಸಬಾರದು ಎನ್ನುವಂತೆ ಅವನ ಕಿವಿಯ ಹತ್ತಿರ ಬಾಯಿ ತಂದಳು.

"ಎಣಿಸ್ತೈತ್ರಿ ಅದು."